ನಲವತ್ತರ ಮೇಲೆ ಲಂಗೋಟಿ

ವೀರಪುರುಷರು ಹುಟ್ಟಿದ ಊರಿನಲ್ಲಿ ಹುಟ್ಟುವುದು ಪೂರ್ವಜನ್ಮದ ಸುಕೃತವೆಂದು ಭಾಷಣಕಾರರು ಹೇಳುವುದುಂಟು. ಆದರೆ ಆ ಸುಕೃತವನ್ನು ದಿನನಿತ್ಯವೂ ಮೈಮೇಲೆ ಹೊತ್ತು ತಿರುಗುವುದರ ಕಷ್ಟವನ್ನು ಅವರಾರೂ ಬಲ್ಲವರಲ್ಲ, ಏಕೆಂದರೆ ಭಾಷಣ ಮುಗಿದು ಹಾರ ಕೊರಳಿಗೆ ಬಿದ್ದೊಡನೆ ಅವರಲ್ಲಿ ಬಹುತೇಕರು ಕತ್ತಲಾಗುವುದರೊಳಗೆ ಬೆಳಗಾವಿಯನ್ನೋ ಧಾರವಾಡವನ್ನೋ ಸೇರಿಬಿಡುತ್ತಾರೆ. ನಾನಾದರೋ ಸಂಗೊಳ್ಳಿಯವನು. ಮಲಪ್ರಭೆಯ ದಂಡೆಯ ಈ ಗ್ರಾಮದ ಹೆಸರನ್ನು ಪರಸ್ಥಳದಲ್ಲಿ ಉಚ್ಚರಿಸಿದ ಮರುಕ್ಷಣವೇ ಕೇಳಿದವನ ದೃಷ್ಟಿಯು ನನ್ನ ಮುಖವನ್ನು ಬಿಟ್ಟು ತೋಳಿಗೂ, ತೋಳನ್ನು ಬಿಟ್ಟು ಎದೆಗೂ, ಎದೆಯನ್ನು ದಾಟಿ ಅದಕ್ಕಿಂತ ಎರಡಂಗುಲ ಮುಂದೆ ಬಂದು ನಿಂತಿರುವ ಉದರಕ್ಕೂ ಪ್ರಯಾಣ ಬೆಳೆಸಿ, ಅಲ್ಲಿ ಕ್ಷಣಕಾಲ ತಂಗಿ, ಇತಿಹಾಸದ ಮೇಲಿನ ವಿಶ್ವಾಸವನ್ನು ಕಿಂಚಿತ್ ಕಳೆದುಕೊಂಡು ಹಿಂದಿರುಗುವುದನ್ನು ನಾನು ಬಹುಕಾಲದಿಂದ ನೋಡುತ್ತ ಬಂದಿದ್ದೇನೆ. 2012ರಲ್ಲಿ ನಮ್ಮೂರ ವೀರ ಸಂಗೊಳ್ಳಿ ರಾಯಣ್ಣನ ಚಲನಚಿತ್ರವು ತೆರೆಕಂಡ ಮೇಲಂತೂ ಜನರ ಅಪೇಕ್ಷೆ ಇನ್ನೂ ಬೆಳೆಯಿತು. ಬೆಂಗಳೂರಿನ ಮುಖ್ಯ ರೈಲು ನಿಲ್ದಾಣಕ್ಕೇ ಅವನ ಹೆಸರನ್ನಿಟ್ಟ ತರುವಾಯ, ಅಲ್ಲಿ ನನ್ನ ಕೈಚೀಲವನ್ನು ಹೊರಲು ಹಮಾಲನನ್ನು ಕರೆಯುವುದಕ್ಕೂ ನನಗೆ ಸಂಕೋಚವಾಗಹತ್ತಿತು.

ಊರಿನಲ್ಲಿದ್ದರಾದರೂ ನೆಮ್ಮದಿಯುಂಟೆ ಎಂದರೆ ಅದೂ ಇಲ್ಲ. ನಮ್ಮೂರ ರಾಯಣ್ಣನ ಗುಡಿಯಲ್ಲಿ ಅವನ ಮೂರ್ತಿಯ ಇಕ್ಕೆಲಗಳಲ್ಲಿ ಅಂಗಸಾಧನೆಯ ಎರಡು ಕಟ್ಟಿಗೆಯ ಭಾರಗಳನ್ನಿಟ್ಟಿದ್ದಾರೆ. ಅವೆರಡರಲ್ಲಿ ಒಂದು ಮಾತ್ರ ರಾಯಣ್ಣನು ಸ್ವತಃ ಎತ್ತಿ ಸಾಮು ಮಾಡಿದ್ದು ಎಂಬುದು ಪರಂಪರೆಯಿಂದ ಬಂದ ಮಾತು. ಅಸಲು ಯಾವುದು, ಜೋಡಿಗಿಟ್ಟದ್ದು ಯಾವುದು ಎಂಬ ಸಂಶೋಧನೆಯಲ್ಲಿ ನನಗೆ ಆಸಕ್ತಿಯಿಲ್ಲ. ನನ್ನ ತೋಳುಗಳ ಮಟ್ಟಿಗೆ ಅವೆರಡರ ತೂಕವೂ ನಿಸ್ಸಂದೇಹವಾಗಿ ಅಸಲೇ. ಆದ್ದರಿಂದ ಊರಿನ ಇತರ ಸಜ್ಜನರ ರೀತಿಯನ್ನೇ ನಾನೂ ಅನುಸರಿಸುತ್ತಿದ್ದೆ: ಗುಡಿಯ ಮುಂದೆ ಹಾಯುವಾಗ ಪಾದರಕ್ಷೆಗಳನ್ನು ಕಳಚಿ, ಕೈಮುಗಿದು, ಮುಂದೆ ಸಾಗುತ್ತಿದ್ದೆ. ಕೈಮುಗಿಯುವುದರಲ್ಲಿ ಒಂದು ಮಹತ್ತರವಾದ ಸೌಕರ್ಯವುಂಟು. ಎರಡೂ ಕೈಗಳು ನಮಸ್ಕಾರದಲ್ಲಿ ತೊಡಗಿರುವಷ್ಟು ಹೊತ್ತು ಅವುಗಳಿಂದ ಬೇರೇನನ್ನಾದರೂ ಎತ್ತಿರೆಂದು ಯಾರೂ ಕೇಳುವಂತಿಲ್ಲ.

ಈ ಸುಖಕರವಾದ ಭಕ್ತಿಮಾರ್ಗದಿಂದ ನನ್ನನ್ನು ಭ್ರಷ್ಟಗೊಳಿಸಿದವನು ನನ್ನ ಅಕ್ಕನ ಮಗ. ಅವನು ಗಣಕಯಂತ್ರದ ವಿದ್ಯೆಯನ್ನು ಕಲಿತು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಮೂವತ್ತನ್ನು ದಾಟಿ, ಸಂಸಾರವಂದಿಗನಾಗಿ, ತಲೆಯ ಮುಂಭಾಗದಲ್ಲಿ ಕೇಶಗಳು ನಿವೃತ್ತಿಯನ್ನು ಬಯಸತೊಡಗಿದ ವಯಸ್ಸಿನಲ್ಲಿ ಅವನು ಒಂದು ಸಂಜೆ ಫೋನು ಮಾಡಿ, "ಮಾಮಾ, ನಾ ಇಲ್ಲಿ ಹರ್ಲಿಂಗ್ ಆಡಾಕ ಸೇರೇನ್ರಿ" ಎಂದನು. ಅದು ಯಾವುದೋ ಬ್ಯಾಂಕಿನ ಹೆಸರಿರಬೇಕೆಂದು ನಾನು ಸಂತೋಷಪಟ್ಟೆ. ವಿಚಾರಿಸಲಾಗಿ, ಅದು ಹದಿನೈದು ಜನರಿಗೆ ಎದುರು ಹದಿನೈದು ಜನರು ಸುಮಾರು ಎರಡು ಮೊಳದಷ್ಟು ಉದ್ದದ, ತುದಿಯಲ್ಲಿ ಅಗಲವಾದ ಕಟ್ಟಿಗೆಯ ಕೋಲುಗಳನ್ನು ಹಿಡಿದು ಒಂದು ಸಣ್ಣ ತೊಗಲಿನ ಚೆಂಡಿನ ಸಲುವಾಗಿ ನಡೆಸುವ ಸಾಮೂಹಿಕ ವಿವಾದವೆಂದು ತಿಳಿದುಬಂದಿತು. ಕೋಲನ್ನು ಆ್ಯಶ್ ಎಂಬ ಮರದಿಂದ ಮಾಡುತ್ತಾರಂತೆ. ಚೆಂಡಿಗೆ ಸ್ಲಿಟರ್ ಎನ್ನುತ್ತಾರಂತೆ. ಗುರಿಯ ಕಂಬಗಳು ಎರಡು, ಅವುಗಳ ನಡುವೆ ಒಂದು ಅಡ್ಡಪಟ್ಟಿ. ಪಟ್ಟಿಯ ಮೇಲಿಂದ ಚೆಂಡು ಹಾಯ್ದರೆ 1 ಅಂಕ, ಕೆಳಗಿನ ಬಲೆಯನ್ನು ಹೊಕ್ಕರೆ 3 ಅಂಕ. ತಲೆಗೆ ಶಿರಸ್ತ್ರಾಣ ಧರಿಸುವುದನ್ನು 2010ರಿಂದ ಎಲ್ಲರಿಗೂ ಕಡ್ಡಾಯ ಮಾಡಿದ್ದಾರೆಂದು ಅವನು ನನ್ನ ಸಮಾಧಾನಕ್ಕಾಗಿ ತಿಳಿಸಿದನು. ಅದಕ್ಕೆ ಮೊದಲಿನ ತಲೆಗಳ ಗತಿಯೇನೆಂಬ ಚಿಂತೆಯು ನನ್ನನ್ನು ಆ ರಾತ್ರಿಯೆಲ್ಲ ಬಾಧಿಸಿತು.

ಹರ್ಲಿಂಗಿಗೆ ಗೇಲಿಕ್ ಫುಟ್‌ಬಾಲ್ ಎಂಬ ಸೋದರ ಕ್ರೀಡೆಯೊಂದುಂಟು, ಕಂಬಗಳೂ ಅವೇ, ಹದಿನೈದು ಜನರೂ ಅಷ್ಟೇ, ಕೋಲಿಲ್ಲ. ಇಲ್ಲಿ ದೊಡ್ಡ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಧಿಕಾರವುಂಟು, ಆದರೆ ಆ ಅಧಿಕಾರವು ನಾಲ್ಕು ಹೆಜ್ಜೆಗಳಿಗೆ ಮಾತ್ರ ಸೀಮಿತವಾದುದು. ತರುವಾಯ ಚೆಂಡನ್ನು ನೆಲಕ್ಕೊಮ್ಮೆ ಪುಟಿಸಬೇಕು ಅಥವಾ ಕಾಲ್ಬೆರಳಿನ ಮೇಲೆ ಬಿಟ್ಟು ಮತ್ತೆ ಕೈಗೆ ಒದ್ದುಕೊಳ್ಳಬೇಕು. ಪುಟಿಸಿದವನು ಅದರ ಬೆನ್ನಲ್ಲೇ ಮತ್ತೊಮ್ಮೆ ಪುಟಿಸಕೂಡದು. ಈ ನಿಯಮಾವಳಿಯನ್ನು ಕೇಳಿದಾಗ, ಮನುಷ್ಯನಿಗೆ ಸ್ವಾತಂತ್ರ್ಯವನ್ನು ಕೊಟ್ಟೂ ಕೊಡದಂತಿರುವ ಕಲೆಯಲ್ಲಿ ನಮ್ಮ ಕಂದಾಯ ಇಲಾಖೆಯನ್ನು ಮೀರಿಸಿದವರು ಭೂಮಂಡಲದಲ್ಲಿ ಇನ್ನೊಬ್ಬರಿದ್ದಾರೆಂದು ನನಗೆ ಮನವರಿಕೆಯಾಯಿತು. ಅಳಿಯನು ಎರಡನ್ನೂ ಕಲಿಯುತ್ತಿದ್ದನು. ಬಾಲ್ಯದಲ್ಲಿ ಈ ಊರಿನ ಓಣಿಗಳಲ್ಲಿ ಚಿಣ್ಣಿ-ದಾಂಡು ಆಡಿ ಹಲವರ ಹೆಂಚುಗಳನ್ನೊಡೆದ ಖ್ಯಾತಿಯುಳ್ಳ ಅವನಿಗೆ, ನೆಲದ ಮೇಲಿನ ವಸ್ತುವನ್ನು ಕೋಲಿನ ತುದಿಯಿಂದ ಮೇಲಕ್ಕೆ ಚಿಮ್ಮಿಸಿ ಗಾಳಿಯಲ್ಲಿರುವಾಗಲೇ ಹೊಡೆಯುವ ಹರ್ಲಿಂಗಿನ ಮೂಲವಿದ್ಯೆಯು ಜನ್ಮಸಿದ್ಧವೇ ಆಗಿತ್ತು. ಆದರೆ ಚಿಣ್ಣಿಯಾಟದಲ್ಲಿ ನಾವು ಹೊಡೆಯುವಾಗ ಎದುರಾಳಿಯು ದೂರದಲ್ಲಿ ನಿಂತು ಸಭ್ಯತೆಯಿಂದ ಕಾಯುತ್ತಿರುತ್ತಾನೆ. ಇಲ್ಲಿಯಾದರೋ ಅವನೂ ಅದೇ ಚೆಂಡಿಗಾಗಿ, ಅದೇ ಕ್ಷಣದಲ್ಲಿ, ಅಂಥದೇ ಕೋಲನ್ನು ಬೀಸುತ್ತಿರುತ್ತಾನೆ. ಹಾಗೆ ಬೀಸುವವನಿಂದ ಹಿಂದೆ ಸರಿಯಕೂಡದು, ಇನ್ನಷ್ಟು ಹತ್ತಿರಕ್ಕೆ ನುಗ್ಗಬೇಕು, ಕೋಲಿನ ಪೂರ್ಣ ವೇಗವು ತಾಗುವುದು ದೂರದಲ್ಲಿ ನಿಂತವನಿಗೇ ಎಂಬುದು ಅವರ ಗುರುಗಳು ಕಲಿಸಿದ ಮೊದಲ ಪಾಠವಂತೆ. ಈ ಮಾತು ಆಗ ನನಗೆ ಐರ್ಲೆಂಡಿನ ಜನರ ಒಂದು ವಿಚಿತ್ರ ತರ್ಕವೆಂದಷ್ಟೇ ತೋರಿತು.

ನಾನು ವೃತ್ತಿಯಿಂದ ಕನ್ನಡ ಮಾಸ್ತರನಾದುದರಿಂದ, ಅಳಿಯನು ಹೇಳಿದುದನ್ನು ಗ್ರಂಥಮುಖೇನ ಪರಿಶೀಲಿಸದೆ ಬಿಡುವವನಲ್ಲ. ಓದುತ್ತ ಹೋದಂತೆ ಆ ದೂರದ್ವೀಪದ ಮೇಲೆ ನನಗೊಂದು ಬಗೆಯ ಬಂಧುಭಾವವು ಮೂಡತೊಡಗಿತು. ಈ ಕ್ರೀಡೆಗಳನ್ನು ನಡೆಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಶನ್ ಎಂಬ ಸಂಘವು 1884ರ ನವೆಂಬರ್ 1ರಂದು ಥರ್ಲ್ಸ್ ಎಂಬ ಊರಿನ ಹೋಟೆಲೊಂದರಲ್ಲಿ ಕೂಡಿದ ಬೆರಳೆಣಿಕೆಯ ಮಂದಿಯಿಂದ ಸ್ಥಾಪಿತವಾಯಿತು. ಅದರ ಮುಖ್ಯ ಪ್ರವರ್ತಕನಾದ ಮೈಕೇಲ್ ಕ್ಯೂಸಕ್ ಒಬ್ಬ ಶಾಲಾ ಮಾಸ್ತರ. ತಾನೇ ಮೊದಲು ಕ್ರಿಕೆಟ್ಟನ್ನೂ ರಗ್ಬಿಯನ್ನೂ ಆಡಿದವನು, ಸರಕಾರಿ ನೌಕರಿಯ ಪರೀಕ್ಷೆಗಳಿಗೆ ಹುಡುಗರನ್ನು ಸಿದ್ಧಪಡಿಸುವ ಶಾಲೆಯನ್ನು ಡಬ್ಲಿನ್ನಿನಲ್ಲಿ ನಡೆಸುತ್ತಿದ್ದವನು, ಆಳುವವರ ಆಟಗಳ ನಡುವೆ ತನ್ನ ನೆಲದ ಆಟವು ಅಳಿಯುತ್ತಿರುವುದನ್ನು ಕಂಡು ಈ ಉದ್ಯಮಕ್ಕೆ ಕೈಹಾಕಿದನು. ಮಾಸ್ತರರ ಜಿಹ್ವೆಯು ಎಲ್ಲ ದೇಶಗಳಲ್ಲಿಯೂ ಒಂದೇ ಸ್ವಭಾವದ್ದಾಗಿರಬೇಕು: ಎಲ್ಲರೊಡನೆ ಜಗಳವಾಡಿ ಎರಡು ವರ್ಷ ತುಂಬುವುದರೊಳಗೆ ಅವನು ಕಾರ್ಯದರ್ಶಿ ಪದವಿಯನ್ನು ಕಳೆದುಕೊಂಡನು. ಸಂಘವು ಮಾತ್ರ ಉಳಿಯಿತು. 82,300 ಜನರು ಹಿಡಿಯುವ ಕ್ರೋಕ್ ಪಾರ್ಕ್ ಎಂಬ ಕ್ರೀಡಾಂಗಣವನ್ನು ಕಟ್ಟಿಕೊಂಡಿತು. ಅಷ್ಟು ಜನರ ಮುಂದೆ ಅಂತಿಮ ಪಂದ್ಯವನ್ನು ಆಡುವವರಿಗೂ ಇಂದಿನವರೆಗೆ ಸಂಬಳವೆಂಬುದಿಲ್ಲ. ರವಿವಾರ ಲಕ್ಷಾಂತರ ಜನರ ಕಣ್ಮಣಿಯಾಗಿದ್ದವನು ಸೋಮವಾರ ಹಾಜರಿಪುಸ್ತಕವನ್ನು ಹಿಡಿದು ವರ್ಗಕ್ಕೆ ಹೋಗುತ್ತಾನೆ. ಅವರಲ್ಲಿ ಮಾಸ್ತರರೇ ಅನೇಕರಿದ್ದಾರೆಂಬುದನ್ನು ಓದಿ ನಾನು ಕುಳಿತಲ್ಲಿಯೇ ಬೆನ್ನನ್ನು ನೆಟ್ಟಗೆ ಮಾಡಿಕೊಂಡೆನು.

ಅದೇ ಕ್ರೋಕ್ ಪಾರ್ಕಿನಲ್ಲಿ 1920ರ ನವೆಂಬರ್ 21ರಂದು ಪಂದ್ಯ ನಡೆಯುತ್ತಿರುವಾಗ ಬ್ರಿಟಿಷ್ ಪಡೆಗಳು ನುಗ್ಗಿ ಗುಂಡು ಹಾರಿಸಿದುದರಿಂದ 14 ಜನರು ಮಡಿದರು. ಅವರಲ್ಲಿ ಟಿಪ್ಪರರಿ ತಂಡದ ಆಟಗಾರ ಮೈಕೇಲ್ ಹೋಗನ್ ಒಬ್ಬನು. ಇಂದಿಗೂ ಅಲ್ಲಿಯ ಒಂದು ಪ್ರೇಕ್ಷಕ ಪಂಕ್ತಿಗೆ ಅವನ ಹೆಸರೇ ಇದೆ. ಇದನ್ನು ಓದುವಾಗ ನಗೆಯೆಲ್ಲ ಹಿಂದೆ ಸರಿದು ನಮ್ಮೂರ ಕಥೆಯು ನೆನಪಿಗೆ ಬಾರದಿರಲಿಲ್ಲ. ಕಿತ್ತೂರನ್ನು ನುಂಗಿದ ಕಂಪನಿಯೂ ಐರ್ಲೆಂಡನ್ನಾಳಿದ ಸರಕಾರವೂ ಒಂದೇ ಊರಿನಿಂದ ಹೊರಟವು. ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿದ್ದ ರಾಣಿ ಚೆನ್ನಮ್ಮನು 1829ರಲ್ಲಿ ಕಣ್ಮುಚ್ಚಿದ ಕಾಲಕ್ಕೆ, ಹೊಲವನ್ನು ಕಳೆದುಕೊಂಡು ತೆರಿಗೆಯ ಭಾರಕ್ಕೆ ಗುರಿಯಾದ ಸಂಗೊಳ್ಳಿಯ ಸನದಿ ಮನೆತನದ ಯುವಕನೊಬ್ಬನು ಊರೂರಿನ ಬಡ ಒಕ್ಕಲಿನ ಮಕ್ಕಳನ್ನು ಕೂಡಿಸಿ ಕಂಪನಿಯ ಕಚೇರಿಗಳಿಗೆ ಬೆಂಕಿಯಿಟ್ಟನು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನೂ ಅವನ ಸಂಗಡಿಗರೂ ಸೈನ್ಯದ ಶಾಲೆಗಳಲ್ಲಿ ಕಲಿತವರಲ್ಲ. ಮೈಯನ್ನು ಹದಗೊಳಿಸಿಕೊಂಡದ್ದು ಊರಿನ ಗರಡಿಯಲ್ಲಿ. ಪರಾಧೀನ ದೇಶದಲ್ಲಿ ಆಟದ ಬಯಲು ಬರಿಯ ಬಯಲಾಗಿ ಉಳಿಯುವುದಿಲ್ಲ.

ಈ ಪಾಂಡಿತ್ಯವನ್ನೆಲ್ಲ ನಾನು ಮುಂದಿನ ಸಲ ಫೋನಿನಲ್ಲಿ ಅಳಿಯನ ಮೇಲೆ ಪ್ರಯೋಗಿಸಿದಾಗ ಅವನು ತಾಳ್ಮೆಯಿಂದ ಕೇಳಿ, ಕಡೆಗೆ, "ಎಲ್ಲಾ ಖರೇ ಮಾಮಾ, ಆದರ ಗರಡಿ ನಿಮ್ಮ ಮನಿಯಿಂದ ಎಷ್ಟು ದೂರ ಐತ್ರಿ?" ಎಂದು ಪ್ರಶ್ನಿಸಿದನು. ಉತ್ತರವು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಐರ್ಲೆಂಡಿನಲ್ಲಿ ಎಂದೂ ಆಡದ ತಾಯಂದಿರೂ ಸೋಲು-ಗೆಲುವಿನ ಗೊಡವೆಯಿಲ್ಲದೆ ಫುಟ್‌ಬಾಲ್ ಕಲಿಯುವುದಕ್ಕೆಂದೇ ಊರೂರಿನ ಕ್ಲಬ್ಬುಗಳಲ್ಲಿ ಸಂಜೆಯ ವರ್ಗಗಳಿವೆಯೆಂದೂ, ತನ್ನ ಜೊತೆಯ ಹೊಸಬರಲ್ಲಿ ಮೊಮ್ಮಕ್ಕಳುಳ್ಳವರಿದ್ದಾರೆಂದೂ ಅವನು ಹೇಳಿದನು. ಪರದೇಶದಲ್ಲಿ ನಮ್ಮ ಹುಡುಗನು ಪರರ ಪೂರ್ವಜರ ಆಟವನ್ನು ಕಲಿಯುತ್ತಿರುವಾಗ, ಸ್ವದೇಶದಲ್ಲಿ ನಾನು ನನ್ನ ಪೂರ್ವಜರ ಆಟಕ್ಕೆ ಕೈಮುಗಿಯುತ್ತ ಕುಳಿತಿರುವುದು ಹೇಗೆ? ಅಭಿಮಾನವೆಂಬ ಅರಿಷಡ್ವರ್ಗದ ಏಳನೆಯ ಸದಸ್ಯನು ಎಚ್ಚರಗೊಂಡನು.

ಗರಡಿಗೆ ಹೋಗುವೆನೆಂಬ ನನ್ನ ಸಂಕಲ್ಪವನ್ನು ಕೇಳಿದ ಮನೆಯಾಕೆಯು ಬಹಳ ಹೊತ್ತು ನನ್ನನ್ನೇ ದಿಟ್ಟಿಸಿ, "ಹೋಗ್ರಿ, ಆದರ ಲಂಗೋಟಿ ಉಟಗೊಂಡು ಓಣ್ಯಾಗ ಹಾಯಬ್ಯಾಡ್ರಿ, ಮಗಳ ಲಗ್ನ ಆಗೂದೈತಿ" ಎಂದು ಒಂದೇ ಷರತ್ತನ್ನು ವಿಧಿಸಿದಳು. ನ್ಯಾಯವಾದ ಷರತ್ತು. ಲಂಗೋಟಿಯೆಂಬುದು ವಸ್ತ್ರಗಳಲ್ಲೆಲ್ಲ ಅತ್ಯಂತ ಸತ್ಯವಾದಿಯಾದುದು. ಅಂಗಿ-ಕೋಟುಗಳು ಅನೇಕ ವರ್ಷಗಳಿಂದ ಲೋಕದ ಮುಂದೆ ನನ್ನ ಪರವಾಗಿ ಹೇಳುತ್ತ ಬಂದಿದ್ದ ಅಸತ್ಯಗಳನ್ನು ಅದು ಒಂದೇ ನಿಮಿಷದಲ್ಲಿ ಬಯಲಿಗೆಳೆಯಿತು.

ಗರಡಿಯ ವಸ್ತಾದರು ಎಪ್ಪತ್ತರ ಸಮೀಪದವರು. ಕಿವಿಗಳೆರಡೂ ಪೂರ್ವಕಾಲದ ಪಟ್ಟುಗಳಲ್ಲಿ ನಜ್ಜುಗುಜ್ಜಾಗಿ ಮುದುಡಿಕೊಂಡಿವೆ, ಕತ್ತು ಇಂದಿಗೂ ಭುಜಗಳಿಂದ ಪ್ರತ್ಯೇಕವಾಗಿ ಕಾಣಿಸುವುದಿಲ್ಲ. "ಕಾಕಾ, ಈ ವಯಸ್ಸಿನ್ಯಾಗ ಕಲಿಯಾಕ ಆಗತೈತೇನ್ರಿ?" ಎಂದು ನಾನು ಕೇಳಿದೆ. ಅವರು ನನ್ನನ್ನು ಆಪಾದಮಸ್ತಕ ನೋಡಿದರು. ಅವರ ನೋಟವು ಪರಸ್ಥಳದವರ ನೋಟದ ಮಾರ್ಗವನ್ನೇ ಹಿಡಿದು ಹೋದರೂ, ಉದರದ ಬಳಿ ನಿಲ್ಲದೆ ನೇರವಾಗಿ ಪಾದಗಳಿಗೆ ಹೋಯಿತು. "ಕಲಿಯೂದು ಆಮ್ಯಾಲ ನೋಡೂಣು ಮಾಸ್ತರ, ಮೊದಲ ಬೀಳೂದು ಕಲೀರಿ. ಬೀಳಾಕ ವಯಸ್ಸಿನ ಹಂಗಿಲ್ಲ" ಎಂದು ಹೇಳಿ, ಹನುಮಂತದೇವರ ಪಟಕ್ಕೆ ನಮಸ್ಕಾರ ಮಾಡಿಸಿ, ನನ್ನ ಕೈಗೆ ಒಂದು ಗುದ್ದಲಿಯನ್ನು ಕೊಟ್ಟರು.

ಗರಡಿಯ ಪ್ರಥಮ ಪಾಠವು ಕುಸ್ತಿಯಲ್ಲ, ಕೃಷಿ. ನಮ್ಮದು ಎರೆಭೂಮಿ, ಹತ್ತಿಗೂ ಜೋಳಕ್ಕೂ ಅದು ಕಾಮಧೇನುವಾದರೂ ಕುಸ್ತಿಗೆ ನಿರುಪಯೋಗಿ, ಏಕೆಂದರೆ ಹಸಿಯಾದಾಗ ಅದು ಪೈಲ್ವಾನನನ್ನು ಬಿಡುವುದಿಲ್ಲ, ಒಣಗಿದಾಗ ಪೈಲ್ವಾನನು ಅದರ ಮೇಲೆ ಬಿದ್ದರೆ ಆಸ್ಪತ್ರೆಯು ಬಿಡುವುದಿಲ್ಲ. ಆದ್ದರಿಂದ ಕಣಕ್ಕೆ ಕೆಮ್ಮಣ್ಣನ್ನು ಹೊರಗಿನಿಂದ ತರಿಸಿ, ಹರಳು ಉಳಿಯದ ಹಾಗೆ ಸೋಸಿ, ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಷಿಣ, ಲಿಂಬೆಹಣ್ಣಿನ ರಸ, ಕರ್ಪೂರಗಳನ್ನು ಬೆರೆಸುತ್ತಾರೆ. ಈ ಪಟ್ಟಿಯನ್ನು ನಾನು ಮನೆಯಲ್ಲಿ ಸವಿಸ್ತಾರವಾಗಿ ವರ್ಣಿಸಿದಾಗ, "ಒಗ್ಗರಣಿ ಒಂದು ಬಾಕಿ ಉಳೀತಲ್ರಿ" ಎಂದು ಮನೆಯಾಕೆಯು ವಿಷಾದಿಸಿದಳು. ಇಷ್ಟೆಲ್ಲ ಸಂಸ್ಕಾರ ಪಡೆದ ಮಣ್ಣನ್ನೂ ನಿತ್ಯವೂ ಅಗೆದು ಸಡಿಲಿಸದಿದ್ದರೆ ಅದು ಗಟ್ಟಿಯಾಗುತ್ತದೆ. ಆ ಅಗೆತವೇ ತೋಳಿಗೂ ಸೊಂಟಕ್ಕೂ ಮೊದಲ ಸಾಮು. ಅನಂತರ ದಂಡ; ಅನಂತರ ಬೈಠಕ. ಇವುಗಳ ಸಂಖ್ಯೆಯನ್ನು ಇಲ್ಲಿ ನಮೂದಿಸುವುದಕ್ಕೆ ವಿನಯವು ಅಡ್ಡಬರುತ್ತದೆ. ಆ ವಿನಯಕ್ಕೆ ಸಾಕಷ್ಟು ಆಧಾರವೂ ಉಂಟು. ಪೈಲ್ವಾನನಾಗುವ ಯಾವತ್ತೂ ವಿಧಿಗಳಲ್ಲಿ ಬಾದಾಮಿ-ಗಸಗಸೆಗಳನ್ನು ಅರೆದು ಹಾಲಿಗೆ ಬೆರೆಸಿದ ಥಂಡಾಯಿಯನ್ನು ಕುಡಿಯುವ ವಿಧಿಯೊಂದು ಮಾತ್ರ ನನಗೆ ಪ್ರಥಮ ಪ್ರಯತ್ನದಲ್ಲಿಯೇ ಪೂರ್ಣವಾಗಿ ಸಿದ್ಧಿಸಿತು. ಅದರಲ್ಲಿ ನನ್ನ ಪ್ರಗತಿಯನ್ನು ಕಂಡು ವಸ್ತಾದರೇ ಲೋಟವನ್ನು ಸಣ್ಣದು ಮಾಡಿಸಿದರು.

ಆದರೆ ಗರಡಿಯಲ್ಲಿ ನನಗೆ ಕಾದಿದ್ದ ನಿಜವಾದ ಪರೀಕ್ಷೆಯು ಬೇರೆಯಾಗಿತ್ತು. ಗ್ರಾಮದ ಮಾಸ್ತರನು ಪ್ರಾಯ ಸಂದ ಮೇಲೆ ಕಲಿಯ ಹೊರಟರೆ, ಅವನಿಗೆ ಕಲಿಸುವುದಕ್ಕೆ ಒದಗುವವರು ಅವನಿಂದಲೇ ಕಲಿತವರು. ವಸ್ತಾದರು ನನಗೆ ಜೋಡಿಯಾಗಿ ನಿಯಮಿಸಿದ ತರುಣನು ಕೆಲವು ವರ್ಷಗಳ ಹಿಂದೆ ನನ್ನ ವರ್ಗದಲ್ಲಿ ಹಿಂದಿನ ಬೆಂಚಿನ ಮೇಲೆ ಕುಳಿತು, ಷಟ್ಪದಿಯ ಮಾತ್ರೆಗಳನ್ನು ಎಣಿಸೆಂದರೆ ಛಾವಣಿಯ ತೊಲೆಗಳನ್ನು ಎಣಿಸುತ್ತಿದ್ದವನು. ಈಗ ಅವನು ಆರಡಿಯ ಆಳು. ಕಣಕ್ಕಿಳಿದವನೇ ಮಣ್ಣನ್ನು ಮುಟ್ಟಿ ಹಣೆಗೊತ್ತಿಕೊಂಡು, ತರುವಾಯ ವಿದ್ಯಾಗುರುವೆಂಬ ಗೌರವದಿಂದ ಬಾಗಿ ನನ್ನ ಪಾದಗಳನ್ನು ಮುಟ್ಟಿದನು. ನಾನು ಅಭ್ಯಾಸಬಲದಿಂದ ಆಶೀರ್ವಾದಕ್ಕೆಂದು ಬಲಗೈಯನ್ನೆತ್ತಿದೆನು. ಆ ಕೈ ಇನ್ನೂ ಅವನ ತಲೆಯನ್ನು ತಲುಪಿರಲಿಲ್ಲ, ನಮಸ್ಕಾರಕ್ಕೆಂದು ನನ್ನ ಎಡಪಾದವನ್ನು ಮುಟ್ಟಿದ್ದ ಅವನ ಹಸ್ತವು ಅಲ್ಲಿಂದ ಹಿಂದಿರುಗುವ ಬದಲು ಹಿಮ್ಮಡಿಯ ಹಿಂಭಾಗಕ್ಕೆ ಸರಿದು ಗಟ್ಟಿಯಾಗಿ ಹಿಡಿದುಕೊಂಡಿತು, ಅವನ ಭುಜವು ನನ್ನ ಮೊಣಕಾಲಿಗೆ ಒತ್ತಿತು, ಆ ಸ್ಥಿತಿಯಲ್ಲಿಯೇ ಅವನು ಮುಖವನ್ನು ಮೇಲೆತ್ತಿ, ಹಿಂದೊಮ್ಮೆ ನೀರು ಕುಡಿಯಲು ಹೋಗುವುದಕ್ಕೆ ಕೇಳುತ್ತಿದ್ದ ಅದೇ ವಿನೀತ ಸ್ವರದಲ್ಲಿ, "ಸರ, ಒಗೀಲ್ರಿ?" ಎಂದು ಅಪ್ಪಣೆ ಬೇಡಿದನು.

ಶಿಷ್ಯನು ಇಷ್ಟು ಮರ್ಯಾದೆಯಿಂದ ಕೇಳಿದಾಗ ಗುರುವಾದವನು ಇಲ್ಲವೆನ್ನುವುದು ಹೇಗೆ? ನಾನು "ಹೂಂ" ಎಂದೆನೋ ಇಲ್ಲವೋ, ಗರಡಿಯ ತೊಲೆಗಳನ್ನು ಎಣಿಸುವ ಅವಕಾಶವು ನನಗೆ ಒದಗಿತು. ಅವು ಏಳು. ಅವನು ಹೌಹಾರಿ ಬಂದು ಮೈಮೇಲಿನ ಮಣ್ಣನ್ನು ಕೊಡವಿ, "ಸರ, ನೀವು ಹಿಂದ ಹಿಂದ ಸರೀತೀರಿ, ಸರದಷ್ಟೂ ನನಗ ಜಾಗಾ ಸಿಗತೈತ್ರಿ. ಮೈಗೆ ಮೈ ಹಚ್ಚಿ ನಿಂದರ್ರಿ, ಆಗ ಒಗಿಯಾಕ ಬರಂಗಿಲ್ಲ" ಎಂದು ಸಮಾಧಾನ ಹೇಳಿದನು. ಐರ್ಲೆಂಡಿನ ತರ್ಕವು ಮಲಪ್ರಭೆಯ ದಂಡೆಯಲ್ಲಿ, ಅದೂ ನಾನು ಛಂದಸ್ಸಿನಲ್ಲಿ ಅನುತ್ತೀರ್ಣಗೊಳಿಸಿದವನ ಬಾಯಿಂದ ಬಂದುದನ್ನು ಕೇಳಿ ನಾನು ಕೆಂಪುಮಣ್ಣಿನ ಮೇಲೆ ಕುಳಿತಲ್ಲಿಯೇ ಯೋಚನಾಮಗ್ನನಾದೆನು. ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅವರು ತಾವಾಗಿಯೇ ಮೈಮೇಲೆ ಬೀಳುತ್ತಾರೆ. ಪ್ರಾಯದವರು ಬದುಕಿನಲ್ಲಿ ಕಲಿತಿರುವ ಏಕೈಕ ಪಟ್ಟೆಂದರೆ ಒಂದು ಹೆಜ್ಜೆ ಹಿಂದೆ ಸರಿಯುವುದು. ಸಾಲಗಾರನಿಂದ, ಚರ್ಚೆಯಿಂದ, ಹೊಸ ಮಾತಿನಿಂದ, ಹಳೆಯ ಸ್ನೇಹಿತನಿಂದ, ಎಲ್ಲದರಿಂದಲೂ ನಾವು ಸಭ್ಯವಾದ ಅಂತರವನ್ನು ಕಾಯ್ದುಕೊಂಡು ಅದಕ್ಕೆ ಪ್ರಬುದ್ಧತೆಯೆಂದು ಹೆಸರಿಟ್ಟಿದ್ದೇವೆ. ಆದರೆ ಪೆಟ್ಟು ಬಲವಾಗಿ ಬೀಳುವುದು ಆ ಅಂತರದಲ್ಲಿಯೇ ಎಂಬುದನ್ನು ಕೋಲಿನ ಆಟವೂ ಕುಸ್ತಿಯೂ ಏಕಕಂಠದಿಂದ ಸಾರುತ್ತಿವೆ.

ಪಟ್ಟುಗಳ ಶಾಸ್ತ್ರವು ವ್ಯಾಕರಣಕ್ಕಿಂತ ಕಡಿಮೆಯದೇನಲ್ಲ. ಢಾಕ, ಕಲಾಜಂಗ, ಘಿಸ್ಸಾ, ಏಕಲಂಗಿ, ಧೋಬಿ ಪಛಾಡ ಎಂದು ಹೆಸರುಗಳ ಮಾಲೆಯೇ ಉಂಟು; ಬೆಳಗಾವಿ ಸೀಮೆಯ ಪೈಲ್ವಾನರು ತಲೆಮಾರುಗಳಿಂದ ಕೊಲ್ಹಾಪುರದ ತಾಲೀಮುಗಳಿಗೆ ಹೋಗಿ ಇವುಗಳನ್ನು ಅಲ್ಲಿಂದ ಹೊತ್ತು ತಂದರು, ಇಲ್ಲಿಯವನ್ನು ಅಲ್ಲಿಗೆ ಒಯ್ದರು. ಶಾಹು ಮಹಾರಾಜರು ಕಟ್ಟಿಸಿ 1912ರಲ್ಲಿ ತೆರೆದ ಖಾಸಬಾಗ್ ಮೈದಾನದ ಹೆಸರನ್ನು ವಸ್ತಾದರು ಇಂದಿಗೂ ಕಾಶಿಯ ಹೆಸರಿನ ಪಕ್ಕದಲ್ಲಿಟ್ಟೇ ಉಚ್ಚರಿಸುತ್ತಾರೆ. ಅದೇ ಕೊಲ್ಹಾಪುರದ ಮಣ್ಣಿನಲ್ಲಿ ಪಳಗಿದ ಖಾಶಾಬಾ ಜಾಧವರು 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಮಣ್ಣಿಲ್ಲದೆ ಮ್ಯಾಟಿನ ಮೇಲೆ ಕಾದಾಡಬೇಕಾಗಿ ಬಂದು ಆರನೆಯವರಾದರು. ನಾಲ್ಕು ವರ್ಷಗಳ ತರುವಾಯ ಹೆಲ್ಸಿಂಕಿಯಲ್ಲಿ ಕಂಚಿನ ಪದಕವನ್ನು ಗೆದ್ದು, ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಪದಕವನ್ನು ತಂದರು. ಈ ವೃತ್ತಾಂತವನ್ನು ವಸ್ತಾದರು ನನಗೆ ಹೇಳಿದುದು ಉತ್ತೇಜನಾರ್ಥವಾಗಿ. ನನ್ನ ಅಡಚಣೆಯು ಮಣ್ಣು-ಮ್ಯಾಟುಗಳ ಭೇದದಿಂದ ಉದ್ಭವಿಸಿದುದಲ್ಲವೆಂಬುದು ಇಬ್ಬರಿಗೂ ತಿಳಿದಿದ್ದರೂ, ಗುರುಶಿಷ್ಯರಲ್ಲಿ ಇಂಥ ಸತ್ಯಗಳನ್ನು ಬಾಯಿಬಿಟ್ಟು ಆಡುವ ಪದ್ಧತಿಯಿಲ್ಲ.

ಕಾಲಕ್ರಮದಲ್ಲಿ ನನಗೊಬ್ಬ ಸಮಾನಶೀಲನು ದೊರಕಿದನು. ಬೈಲಹೊಂಗಲದ ಪೇಟೆಯಲ್ಲಿ ಅರಿವೆಯಂಗಡಿಯಿಟ್ಟಿರುವ, ವಯಸ್ಸಿನಲ್ಲಿಯೂ ಗಾತ್ರದಲ್ಲಿಯೂ ನನಗೆ ಸರಿಜೋಡಿಯಾದ ಗೃಹಸ್ಥರೊಬ್ಬರು ವೈದ್ಯರ ಆಜ್ಞೆಯ ಮೇರೆ ಗರಡಿಗೆ ಬರತೊಡಗಿದರು. ಒಂದು ಸಂಜೆ ವಸ್ತಾದರು ನಮ್ಮಿಬ್ಬರ ಜೋಡಿ ಹಚ್ಚಿದರು. ಗರಡಿಯ ಹುಡುಗರೆಲ್ಲ ಸಾಮು ಬಿಟ್ಟು ಸುತ್ತಲೂ ನೆರೆದರು. ಯಾರೋ ಉತ್ಸಾಹಿಯೊಬ್ಬನು ಹಲಗೆಯನ್ನೂ ತಂದನು. ನಾವು ಕೈ ಕೂಡಿಸಿ, ಕತ್ತಿಗೆ ಕತ್ತು ಕೊಟ್ಟು, ಉಪದೇಶದಂತೆ ಮೈಗೆ ಮೈ ಹಚ್ಚಿ ನಿಂತೆವು. ಹಾಗೆ ನಿಂತ ಮೇಲೆ ಒಂದು ವಿಷಯವು ಇಬ್ಬರಿಗೂ ಏಕಕಾಲದಲ್ಲಿ ಅರಿವಾಯಿತು: ಎದುರಾಳಿಯನ್ನು ಕೆಡವಿದರೆ ನಮ್ಮ ಆಧಾರವೇ ತಪ್ಪುತ್ತದೆ. ಆದ್ದರಿಂದ ಸುಗ್ಗಿಯ ಹೊಲದಲ್ಲಿ ಒಂದಕ್ಕೊಂದು ಆನಿಸಿ ನಿಲ್ಲಿಸಿದ ಜೋಳದ ಸೂಡುಗಳಂತೆ ನಾವು ಪರಸ್ಪರ ಭಾರವನ್ನು ಹೊತ್ತು, ಏದುಸಿರು ಬಿಡುತ್ತ, ಅಲ್ಲಾಡದೆ ನಿಂತುಬಿಟ್ಟೆವು. ಹಲಗೆಯ ಗತ್ತು ಮೊದಲು ಏರಿತು, ಆಮೇಲೆ ಇಳಿಯಿತು, ಕಡೆಗೆ ಬಾರಿಸುವವನ ಕೈ ಸೋತು ನಿಂತಿತು. ಆ ನಿಶ್ಶಬ್ದದಲ್ಲಿ ಅರಿವೆಯಂಗಡಿಯವರು ನನ್ನ ಕಿವಿಯ ಹತ್ತಿರ, "ಮಾಸ್ತರ, ಮಗಳ ಲಗ್ನದ ಜವಳಿ ಎಲ್ಲಿ ತಗೋತೀರಿ?" ಎಂದು ಮೆಲ್ಲಗೆ ವಿಚಾರಿಸಿದರು. ಮಾತುಕತೆಯು ಪತ್ತಲಗಳ ದರದವರೆಗೆ ಮುಂದುವರಿದಿದ್ದಾಗ ವಸ್ತಾದರು, "ಎಬ್ಬಸ್ರೋ ಅವರನ್ನ, ಇಬ್ಬರಿಗೂ ನಿದ್ದಿ ಹತ್ತೇತಿ" ಎಂದು ಕೂಗಿ, ಕುಸ್ತಿಯನ್ನು ಬರಾಬರಿಯೆಂದು ಸಾರಿ ಬಿಡಿಸಿದರು. ಕುಸ್ತಿಯ ಇತಿಹಾಸದಲ್ಲಿ ಉಭಯಪಕ್ಷಗಳಿಗೂ ಲಾಭವಾದ ಸೆಣಸಾಟವು ಬಹುಶಃ ಇದೊಂದೇ. ನನಗೆ ಜವಳಿಯ ಮೇಲೆ ರಿಯಾಯಿತಿ ದೊರೆಯಿತು.

ಪ್ರತಿವರ್ಷ ಜನವರಿಯಲ್ಲಿ ಸಂಗೊಳ್ಳಿ ಉತ್ಸವವಾಗುತ್ತದೆ. ಕುಸ್ತಿಯ ಕಣಕ್ಕೆ ಸುತ್ತಣ ಊರುಗಳೆಲ್ಲ ಕೂಡುತ್ತವೆ. ಅಲ್ಲಿ ಪೈಲ್ವಾನನ ಹೆಸರನ್ನು ಕೂಗುವಾಗ ಅವನ ಊರಿನ ಹೆಸರನ್ನು ಸೇರಿಸಿಯೇ ಕೂಗುತ್ತಾರೆ. ಗೆದ್ದರೆ ಊರು ಗೆದ್ದಿತು, ಬಿದ್ದರೆ ಊರು ಬಿದ್ದಿತು. ಐರ್ಲೆಂಡಿನಲ್ಲಿಯೂ ಹಾಗೆಯೇ, ಹುಟ್ಟಿದೂರಿನ ಕ್ಲಬ್ಬನ್ನು ಬಿಟ್ಟು ಪರರಿಗಾಗಿ ಆಡುವುದನ್ನು ಮಗಳನ್ನು ಕೊಟ್ಟ ಮನೆಯನ್ನು ಬದಲಿಸಿದಷ್ಟು ಗಂಭೀರವಾಗಿ ಎಣಿಸುತ್ತಾರೆಂದು ಅಳಿಯನು ಹೇಳುತ್ತಾನೆ. 2018ರಲ್ಲಿ ಯುನೆಸ್ಕೋ ಸಂಸ್ಥೆಯು ಹರ್ಲಿಂಗನ್ನು ಮಾನವಕುಲದ ಅಮೂರ್ತ ಪರಂಪರೆಗಳ ಪಟ್ಟಿಯಲ್ಲಿ ಸೇರಿಸಿತು. ಪಟ್ಟಿಗಳ ಬಗ್ಗೆ ನನಗೆ ಆದರವುಂಟು. ಆದರೆ ಯಾವ ಆಟವೂ ಪಟ್ಟಿಯಲ್ಲಿ ಜೀವಿಸುವುದಿಲ್ಲ. ಚಾಂಪಿಯನ್ನರಿಂದಲೂ ಅದು ಪೂರ್ತಿಯಾಗಿ ಜೀವಿಸುವುದಿಲ್ಲ, ಏಕೆಂದರೆ ಚಾಂಪಿಯನ್ನರು ಪದಕ ದೊರೆತೊಡನೆ ಪೋಲೀಸು ಖಾತೆಗೋ ರೈಲ್ವೆಗೋ ಹೋಗಿಬಿಡುತ್ತಾರೆ. ಹೋಗುವುದಕ್ಕೆ ಎಲ್ಲಿಯೂ ಸ್ಥಳವಿಲ್ಲದವರು, ಪದಕದ ಸಂಭವವೇ ಇಲ್ಲದವರು, ಬರಿಯ ಬರುವವರು ಮತ್ತು ಬೀಳುವವರು ಗರಡಿಗೆ ಬೇಕು. ಕಣದ ಮಣ್ಣನ್ನು ಮೃದುವಾಗಿಡುವುದು ಗೆಲ್ಲುವವನ ಕಾಲಲ್ಲ, ಸೋಲುವವನ ಬೆನ್ನು; ಈ ಸಾರ್ವಜನಿಕ ಸೇವೆಯಲ್ಲಿ ನನ್ನ ಬೆನ್ನು ಸಲ್ಲಿಸಿರುವ ಕಾಣಿಕೆಯನ್ನು ನಮ್ಮ ವಸ್ತಾದರೇ ಸಭೆಯಲ್ಲಿ ಹೊಗಳಿದ್ದಾರೆ.

ಆದಕಾರಣ, ನಲವತ್ತನ್ನು ದಾಟಿ, ಆಯಾ ಊರಿನ ವೀರರಿಗೆ ದೂರದಿಂದಲೇ ಕೈಮುಗಿಯುತ್ತ ಸುಖವಾಗಿರುವ ವಾಚಕ ಮಹಾಶಯರಲ್ಲಿ ನನ್ನ ಬಿನ್ನಹವಿಷ್ಟೆ. ಇನ್ನೇನೂ ಸಾಧಿಸುವ ಭಯವಿಲ್ಲದ ಈ ವಯಸ್ಸು ಆಟವನ್ನು ಆರಂಭಿಸುವುದಕ್ಕೆ ಅತ್ಯಂತ ಪ್ರಶಸ್ತವಾದುದು: ತರುಣನು ಸೋತರೆ ಅವನ ಭವಿಷ್ಯಕ್ಕೆ ಧಕ್ಕೆ, ನಮ್ಮ ಸೋಲಿನಿಂದ ಧಕ್ಕೆಯಾಗಬೇಕಾದ ಭವಿಷ್ಯವು ಬಹುಮಟ್ಟಿಗೆ ಹಿಂದೆಯೇ ಉಳಿದಿದೆ. ಸಮೀಪದಲ್ಲಿ ಗರಡಿಯಿಲ್ಲದವರು ಸಂಗೊಳ್ಳಿಗೆ ಬರಬಹುದು, ಬೈಲಹೊಂಗಲದಿಂದ ಬಸ್ಸುಗಳುಂಟು. ಲಂಗೋಟಿಯನ್ನು ನಮ್ಮ ಅರಿವೆಯಂಗಡಿಯವರು ಯೋಗ್ಯ ದರದಲ್ಲಿ ಹೊಲಿಸಿಕೊಡುತ್ತಾರೆ, ಗುದ್ದಲಿ ಗರಡಿಯಲ್ಲಿಯೇ ಇದೆ, ಒಗೆಯುವ ಮುನ್ನ ಅಪ್ಪಣೆ ಕೇಳುವ ಸುಸಂಸ್ಕೃತ ತರುಣರೂ ಇದ್ದಾರೆ. ಥಂಡಾಯಿಯ ಲೋಟವನ್ನು ಮಾತ್ರ ದಯವಿಟ್ಟು ಮನೆಯಿಂದಲೇ ತರಬೇಕು, ಮತ್ತು ಆದಷ್ಟು ದೊಡ್ಡದನ್ನೇ ತರಬೇಕು.